ಅಪ್‌ಡೇಟ್: ಅಮ್ಮನ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿ ಬಂದೆ

ಮಂಡಿನೋವಿರುವ ಅಮ್ಮನನ್ನು ಡಿಸೆಂಬರ್ ಚಳಿಯಲ್ಲಿ ಬೆಟ್ಟದ ಕಾಟೇಜಿಗೆ ಕರೆದೊಯ್ಯಬಹುದಾ ಅಂತ ಕೇಳಿದ್ದೆನಲ್ಲ, ಎರಡು ರಾತ್ರಿ ಇದ್ದು ಬಂದೆವು. ತೋಟಗಾರಿಕೆ ಇಲಾಖೆಯ ಕಾಟೇಜೇ ಸಿಕ್ಕಿತು.

ಇನ್ನೊಂದು ರಗ್ಗು ಇಟ್ಟುಕೊಳ್ಳಿ ಅಂದವರಿಗೆ ಮನಸಾರೆ ನಮಸ್ಕಾರ. 1,400 ಮೀಟರ್ ದಾಟಿದ ಎತ್ತರ, ಹೊತ್ತು ಮುಳುಗುತ್ತಲೇ ಚಳಿ ಮೂಳೆಗಿಳಿಯುತ್ತದೆ. ಫ್ಲಾಸ್ಕಿನ ಬಿಸಿನೀರಿಲ್ಲದಿದ್ದರೆ ಅಮ್ಮನಿಗೆ ಕಷ್ಟವಾಗುತ್ತಿತ್ತು.

ಝಡ್ ಪಾಯಿಂಟ್ ಅನ್ನೋ ವ್ಯೂ ಪಾಯಿಂಟಿನ ದಾರಿಯಲ್ಲಿ ಅಮ್ಮ ಶಾಂತಿ ಜಲಪಾತದವರೆಗೂ ನಡೆದರು! ನೀರು ಸಣ್ಣಗಿತ್ತು, ಆದರೂ ಅರ್ಧ ಗಂಟೆ ಅಲ್ಲೇ ಕೂತರು. ಮುಂದಿನ ಏರು ಕಡಿದಾಗಿತ್ತು, ನಾನೊಬ್ಬಳೇ ಹತ್ತಿದೆ. ಹೆಬ್ಬೆ ಜಲಪಾತದ ಜೀಪ್ ದಾರಿ ಕುಲುಕಾಟ ಜಾಸ್ತಿ ಅಂತ ಬಿಟ್ಟು, ಇಳಿಯುವಾಗ ಕಲ್ಲತ್ತಿಗಿರಿಯಲ್ಲಿ ವೀರಭದ್ರನಿಗೆ ಕೈಮುಗಿದೆವು.

ಮಾರ್ಚ್‌ನಲ್ಲಿ ಮತ್ತೆ ಹೋಗೋಣ ಅನ್ನುತ್ತಿದ್ದಾರೆ ಅಮ್ಮ.