ಮನೆಯಲ್ಲಿ ಕಪುಚಿನೊ: ನೊರೆ ಯಾಕೆ ಬೇರೆಯಾಗಿ ನಿಲ್ಲುತ್ತದೆ?

ಪ್ರಶ್ನೆ: ಮನೆಗೆ ಸಣ್ಣ ಎಸ್ಪ್ರೆಸೊ (ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಮೆಷಿನ್ ತಂದಿದ್ದೇವೆ. ಅದಕ್ಕೆ ನೊರೆಹಾಲು ಹುಯ್ದು ಕಪುಚಿನೊ ಮಾಡಿದರೆ ಮೇಲೆ ಒಣ ನೊರೆ, ಕೆಳಗೆ ಸುಡುವ ಹಾಲು. ಎರಡೂ ಸೇರುವುದೇ ಇಲ್ಲ. ಮಾಡಿ ಅಭ್ಯಾಸ ಇರುವವರು ಹೇಳಿ ಪ್ಲೀಸ್. ಹಾಲು ಮೊದಲೇ ಕಾಯಿಸಿರಬೇಕಾ?

ಉತ್ತರ: ಕಾಯಿಸಿ ಆರಿಸಿದ ಹಾಲಾದರೂ ನಡೆಯುತ್ತದೆ, ಆದರೆ ಕೆನೆ ಸೋಸಿಬಿಡಿ. ಫ್ರಿಜ್‌ನಿಂದ ಆಗಷ್ಟೇ ತೆಗೆದಿರಬೇಕು, ಅದು ಮುಖ್ಯ. ಜಗ್ಗಿನ ಅರ್ಧಕ್ಕಿಂತ ಕಮ್ಮಿ ಹಾಕಿ, ಉಬ್ಬುತ್ತದಲ್ಲ. ಸ್ಟೀಮ್ ಕೊಳವೆಯ ತುದಿ ಹಾಲಿನ ಮೇಲ್ಭಾಗಕ್ಕೆ ತಾಗಿದ ಹಾಗೆ ಇರಲಿ. ಗಾಳಿ ಸೇರುವಾಗ ಸಣ್ಣಗೆ ಚುಸ್ ಚುಸ್ ಅಂತ ಸದ್ದು ಬರುತ್ತದೆ. ಜಗ್ ಉಗುರುಬೆಚ್ಚಗಾದ ಕೂಡಲೇ ತುದಿಯನ್ನು ಸ್ವಲ್ಪ ಒಳಗೆ ಇಳಿಸಿ, ಹಾಲು ಸುಳಿಯಂತೆ ತಿರುಗುವ ಹಾಗೆ ಜಗ್ ಓರೆ ಮಾಡಿ. ಕೊನೆಗೆ ಗಾಳಿ ಸೇರಿಸಿದರೆ ದೊಡ್ಡ ಗುಳ್ಳೆಗಳು ಹಾಗೇ ಉಳಿಯುತ್ತವೆ. ನಿಮ್ಮ ಒಣ ನೊರೆಗೆ ಅದೇ ಕಾರಣ ಇರಬೇಕು. ಹಾಲಿನ ಬಿಸಿಗೆ ಇಟಲಿಯವರ ಲೆಕ್ಕ ಸುಮಾರು 55 ಡಿಗ್ರಿ ಸೆಲ್ಸಿಯಸ್. ಹಾಲು ಉಕ್ಕಿಸಿ ಕುಡಿಯುವ ನಮಗೆ ಇದು ಆರಿದ ಕಾಫಿ ಅನ್ನಿಸುತ್ತದೆ! ಆದರೆ 70 ದಾಟಿಸಿದರೆ ಹಾಲಿನ ಸಿಹಿ ಹೋಗಿ ಬೆಂದ ವಾಸನೆ ಬರುತ್ತದೆ. ಹುಯ್ಯುವ ಮುಂಚೆ ಜಗ್ಗನ್ನು ಕಟ್ಟೆಗೆ ಒಮ್ಮೆ ಕುಟ್ಟಿ, ತಿರುಗಿಸಿ. ಹಾಲು ಹಸಿ ಪೇಂಟಿನಂತೆ ಮಿಂಚಬೇಕು.

ಇನ್ನೊಬ್ಬರು: ಕಪ್ ದೊಡ್ಡದಿದ್ದರೆ ಎಷ್ಟು ಮಾಡಿದರೂ ಸಪ್ಪೆಯೇ. ಎಸ್ಪ್ರೆಸೊ 25 ಮಿಲಿ, ಹಾಲು 100 ಮಿಲಿ, 150-160 ಮಿಲಿ ಕಪ್. ಅಷ್ಟೇ. ಇಲ್ಲಿನ ಕೆಫೆಗಳ ಬಕೆಟ್ ಮಗ್ ಮರೆತುಬಿಡಿ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಬೇಡವೇ ಬೇಡ. 7 ಗ್ರಾಂ ಪುಡಿಯಿಂದ 25 ಮಿಲಿ ಇಳಿಯಲು ಸುಮಾರು 25 ಸೆಕೆಂಡ್ ಹಿಡಿಯಬೇಕು. ಬೇಗ ಇಳಿದರೆ ಪುಡಿ ಇನ್ನೂ ನುಣ್ಣಗೆ ಬೀಸಿ. ರೊಬಸ್ಟಾ (ಕಹಿ ಜಾಸ್ತಿ ಇರುವ ಕಾಫಿ ತಳಿ) ಅಂತ ಮೂಗು ಮುರಿಯಬೇಡಿ. ಅದು ಸೇರಿದರೆ ಕ್ರೆಮಾ, ಅಂದರೆ ಎಸ್ಪ್ರೆಸೊ ಮೇಲಿನ ಕಂದು ನೊರೆ, ದಪ್ಪ ಬರುತ್ತದೆ. ರೊಬಸ್ಟಾನೇ ಜಾಸ್ತಿ ಇರುವ ನಮ್ಮ ದೇಶದ ಕಾಫಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂದಿದೆ, ಸುಮ್ನೆ ಅಲ್ಲ.

ಇಟಲಿಯ ಟ್ಯೂರಿನ್‌ನಿಂದ: ಇಲ್ಲಿ ಕಪುಚಿನೊ ಅಂದರೆ ಬೆಳಗಿನ ತಿಂಡಿ. ಬಾರ್ (ಕೆಫೆಗೆ ಇಲ್ಲಿ ಹಾಗೇ ಅನ್ನುತ್ತಾರೆ) ಕೌಂಟರಿನಲ್ಲಿ ನಿಂತೇ, ಜೊತೆಗೊಂದು ಬ್ರಿಯೋಶ್ (ಸಿಹಿ ಬನ್), ಐದು ನಿಮಿಷದಲ್ಲಿ ಮುಗೀತು. ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಹೊಟ್ಟೆ ತುಂಬಿದ ಮೇಲೆ ಅಷ್ಟು ಹಾಲು ಯಾಕೆ ಅನ್ನುವುದು ಇವರ ವಾದ. ನನಗೂ ಈಗ ಅದು ಸರಿ ಅನ್ನಿಸುತ್ತದೆ.

ಮತ್ತೊಬ್ಬರು: ಮೆಷಿನ್ ಇಲ್ಲದವರಿಗೆ: ಮೋಕಾ ಪಾಟ್ (ಒಲೆ ಮೇಲಿಟ್ಟು ಆವಿಯಿಂದ ಕಾಫಿ ಇಳಿಸುವ ಪಾತ್ರೆ) ಮತ್ತು ಫ್ರೆಂಚ್ ಪ್ರೆಸ್ (ಜಾಲರಿಯ ಒತ್ತುಹಿಡಿ ಇರುವ ಜಗ್) ಸಾಕು. ಮೋಕಾದಲ್ಲಿ ಒತ್ತಡ ಕಮ್ಮಿ, ಹಾಗಾಗಿ ಕ್ರೆಮಾ ಸಿಗಲ್ಲ. ಬಿಸಿ ಹಾಲನ್ನು ಪ್ರೆಸ್‌ನಲ್ಲಿ ಹಾಕಿ ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಭಾನುವಾರಕ್ಕೆ ಧಾರಾಳವಾಯಿತು.