ಜೀನ್ಸ್ ಪ್ಯಾಂಟ್ ನೋಡೋಕೆ ಅಂತ ಬುಟ್ಟನ್‌ಹೈಮ್‌ಗೆ ಹೋಗಬಹುದಾ?

ಅರ್ಧಟಿಕೆಟ್:
ಆಫೀಸ್ ಕೆಲಸದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದಿದ್ದೇನೆ. ಈ ಶನಿವಾರ ಪೂರ್ತಿ ಖಾಲಿ. ಜೊತೆಯವರೆಲ್ಲ ಹತ್ತಿರದ ಬಾಂಬರ್ಗ್ ನಗರಕ್ಕೆ ಹೋಗೋಣ ಅನ್ನುತ್ತಿದ್ದಾರೆ. ಸುಮ್ನೆ ಮ್ಯಾಪ್ ನೋಡ್ತಾ ಇದ್ದಾಗ ಅದೇ ರೈಲು ದಾರಿಯಲ್ಲಿ ಬುಟ್ಟನ್‌ಹೈಮ್ ಅನ್ನೋ ಪುಟ್ಟ ಊರು ಕಣ್ಣಿಗೆ ಬಿತ್ತು, ಅಲ್ಲಿ ಲೀವೈಸ್ ಜೀನ್ಸ್ ಕಂಪನಿ ಶುರು ಮಾಡಿದ ಲೀವೈ ಸ್ಟ್ರಾಸ್ ಹುಟ್ಟಿದ ಮನೆಯನ್ನೇ ಜೀನ್ಸ್ ಮ್ಯೂಸಿಯಂ ಮಾಡಿದ್ದಾರಂತೆ. ನಾನು ಇಷ್ಟು ವರ್ಷ ಆತ ಅಪ್ಪಟ ಅಮೆರಿಕದವನು ಅಂದುಕೊಂಡಿದ್ದೆ!

ಯಾರಾದರೂ ಹೋಗಿದ್ದೀರಾ? ಬರೀ ಕಂಪನಿ ಜಾಹೀರಾತಾ, ಅಥವಾ ನಿಜಕ್ಕೂ ನೋಡುವಂಥದ್ದು ಏನಾದರೂ ಇದೆಯಾ? ನನಗೆ ಫ್ಯಾಷನ್ ಗೀಷನ್ ಗೊತ್ತಿಲ್ಲ, ಆದರೆ ವಾರಕ್ಕೆ ಆರು ದಿನ ಹಾಕೋದು ಜೀನ್ಸೇ.

ನೂಲುಹುಳ:
ಹೋಗಿ ಬನ್ನಿ. ಆದರೆ ಪ್ಯಾಂಟ್ ನೋಡೋಕೆ ಅಂತ ಹೋದರೆ ಅರ್ಧ ಮಾತ್ರ ಸಿಗುತ್ತದೆ, ಮೊದಲೇ ಹೇಳಿಬಿಡ್ತೀನಿ.

ಅದು 1687ರಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆ. 2000ದಲ್ಲಿ ಮ್ಯೂಸಿಯಂ ಆಯಿತು. ನಡೆಸೋದು ಊರಿನ ಆಡಳಿತ, ಕಂಪನಿ ಅಲ್ಲ, ಹಾಗಾಗಿ ಶೋರೂಂ ಥರ ಅನ್ನಿಸೋದಿಲ್ಲ. ಒಳಗೆ ಒಂದು ಭಾಗ ಆ ಕುಟುಂಬದ ಕಥೆ, ಇನ್ನೊಂದು ಭಾಗ ಜೀನ್ಸ್ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲನೆಯದು.

ಹುಡುಗನ ಹೆಸರು ಆಗ ಲೀವೈ ಅಲ್ಲ, ಲ್ಯೋಬ್. ಹುಟ್ಟಿದ್ದು 1829ರಲ್ಲಿ. ಅಪ್ಪ ಗಂಟು ಹೊತ್ತು ಊರೂರು ತಿರುಗಿ ಬಟ್ಟೆಬರೆ ಮಾರುತ್ತಿದ್ದ ಯಹೂದಿ. ಆಗ ಬವೇರಿಯಾದಲ್ಲಿ 1813ರ ಒಂದು ಕಾನೂನು ಇತ್ತು. ಪ್ರತಿ ಊರಿನಲ್ಲೂ ಇಷ್ಟೇ ಯಹೂದಿ ಸಂಸಾರ ಇರಬೇಕು ಅಂತ ಲೆಕ್ಕ. ಆ ಪಟ್ಟಿಯಲ್ಲಿ ಜಾಗ ಖಾಲಿಯಾಗದೆ ಇನ್ನೊಂದು ಸಂಸಾರ ಹೂಡುವ ಹಾಗಿಲ್ಲ. ಅಂದರೆ ಮನೆಯಲ್ಲಿ ನಾಲ್ಕು ಗಂಡುಮಕ್ಕಳಿದ್ದರೆ ಉಳಿದವರು ಎಲ್ಲಿಗೆ ಹೋಗಬೇಕು ಹೇಳಿ? ಅಣ್ಣಂದಿರು ಮೊದಲೇ ನ್ಯೂಯಾರ್ಕ್ ಸೇರಿ ಜವಳಿ ವ್ಯಾಪಾರ ಹಿಡಿದಿದ್ದರು. 1846ರಲ್ಲಿ ಅಪ್ಪ ಕ್ಷಯದಿಂದ ಸತ್ತ. ಮಾರನೇ ವರ್ಷ ತಾಯಿ ರೆಬೆಕ್ಕಾ, ಇಬ್ಬರು ಅಕ್ಕಂದಿರು ಮತ್ತು 18ರ ಈ ಹುಡುಗ ಹಡಗು ಹತ್ತಿದರು. ಇದೆಲ್ಲ ಓದಿದರೆ ಗೊತ್ತಾಗಲ್ಲ, ಅವರು ಬಿಟ್ಟು ಹೋದ ಅದೇ ಮನೆಯಲ್ಲಿ ನಿಂತು ಆಡಿಯೋ ಗೈಡ್ ಕಿವಿಗಿಟ್ಟು ಕೇಳಬೇಕು. ನಾಲ್ಕು ಗೋಡೆ ಅಷ್ಟೇ, ಆದರೂ ಹೊರಗೆ ಬರೋಕೆ ಮನಸ್ಸಾಗಲಿಲ್ಲ ನನಗೆ.

ಒಂದೂವರೆ ಗಂಟೆ ಸಾಕು.

ಚಕ್ರಪಾದ:
ಮೇಲಿನವರು ಭಾವುಕರಾಗಿಬಿಟ್ಟರು, ನಾನು ಸ್ವಲ್ಪ ತಣ್ಣೀರು ಹಾಕ್ತೀನಿ. ಚಿಕ್ಕ ಮ್ಯೂಸಿಯಂ ಅಂದರೆ ನಿಜಕ್ಕೂ ಚಿಕ್ಕದು. ಬಾಂಬರ್ಗ್ ಬಿಟ್ಟು ಇದಕ್ಕೇ ಅಂತ ದಿನ ಇಡಬೇಡಿ, ಎರಡನ್ನೂ ಸೇರಿಸಿ.

ಮತ್ತೆ, ಮ್ಯೂಸಿಯಂ ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ. ನಾನು ನೋಡದೆ ಸೋಮವಾರ ಹೋಗಿ ಬಾಗಿಲು ಮುಟ್ಟಿ ವಾಪಸ್ ಬಂದೆ, ತಪ್ಪು ಪೂರ್ತಿ ನನ್ನದೇ. ಊರಲ್ಲಿ ಎರಡು ಹಳೇ ಬಿಯರ್ ತಯಾರಿಸುವ ಮನೆಗಳಿವೆ, ಹಾಗಾಗಿ ದಿನವೇನೂ ಹಾಳಾಗಲಿಲ್ಲ ಅನ್ನಿ. ಎರಡನೇ ಸಲ ಹೋದಾಗ ಒಳಗೆ ನೋಡಿದೆ. ಹಳೇ ಪ್ಯಾಂಟ್‌ಗಳು ಚೆನ್ನಾಗಿದ್ದವು.

ಎಸ್1 ಅನ್ನೋ ಲೋಕಲ್ ರೈಲು ಹಿಡಿಯಿರಿ, ವೇಗದ ರೈಲುಗಳನ್ನು ನಂಬಬೇಡಿ, ಎಲ್ಲವೂ ಅಲ್ಲಿ ನಿಲ್ಲಲ್ಲ. ಸ್ಟೇಷನ್‌ನಿಂದ ಸ್ವಲ್ಪ ನಡಿಗೆ ಇದೆ.

ಲೀವೈ ಚಿನ್ನದ ಗಣಿಯವರಿಗೆ ಡೇರೆ ಬಟ್ಟೆಯಲ್ಲಿ ಪ್ಯಾಂಟ್ ಹೊಲಿದುಕೊಟ್ಟ ಕಥೆ ಇದೆಯಲ್ಲ, ಅದು ಮಾತ್ರ ನನಗೆ ಬಹಳ ಇಷ್ಟ.

ಕಾಜಾಗುಂಡಿ:
@ಚಕ್ರಪಾದ ಅವರೇ, ಆ ಕಥೆ ಕಟ್ಟುಕಥೆ. ಇಷ್ಟದ ಕಥೆ ಕೆಡಿಸ್ತಿದೀನಿ, ಕ್ಷಮೆ ಇರಲಿ.

ಲೀವೈ 1853ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದು ಸಗಟು ಜವಳಿ ವ್ಯಾಪಾರಿಯಾಗಿ. ಅವನು ದರ್ಜಿಯೇ ಅಲ್ಲ. ನಮ್ಮ ಜೀನ್ಸ್‌ಗೆ ಬೇಕಾಗಿದ್ದ ತಲೆ ಇನ್ನೊಬ್ಬನದು, ಜೇಕಬ್ ಡೇವಿಸ್ ಅಂತ, ರಿಗಾದಿಂದ ವಲಸೆ ಬಂದು ನೆವಾಡಾದ ರೀನೋದಲ್ಲಿ ಅಂಗಡಿ ಇಟ್ಟಿದ್ದ ದರ್ಜಿ. ಒಬ್ಬ ಹೆಂಗಸು ಬಂದು, ನನ್ನ ಗಂಡ ಸೌದೆ ಕಡಿಯೋನು, ಅವನಿಗೆ ಹರಿಯದ ಪ್ಯಾಂಟ್ ಬೇಕು ಅಂದಳು. ಕುದುರೆ ಹೊದಿಕೆಗೆ ಹಾಕುತ್ತಿದ್ದ ತಾಮ್ರದ ರಿವೆಟ್ (ಬಟ್ಟೆಗೆ ಹೊಡೆಯೋ ಪುಟ್ಟ ಮೊಳೆ) ಡೇವಿಸ್ ಹತ್ತಿರ ಇದ್ದವು, ಅವನ್ನೇ ಜೇಬಿನ ಮೂಲೆಗಳಿಗೆ ಹೊಡೆದ. ಹೊಲಿಗೆ ಮೊದಲು ಬಿಚ್ಚಿಕೊಳ್ಳೋದೇ ಆ ಮೂಲೆಯಲ್ಲಿ ಅಲ್ವಾ, ಕೈ ಹಾಕಿ ತೆಗೆದು ಹಾಕಿ ತೆಗೆದು. ಪ್ಯಾಂಟ್ ಬೇಗ ಬೇಗ ಖರ್ಚಾದವು. ಯಾರಾದರೂ ಕದ್ದಾರು ಅಂತ ಭಯ, ಪೇಟೆಂಟ್ ಮಾಡಿಸೋಕೆ ದುಡ್ಡಿಲ್ಲ. ಹಾಗಾಗಿ ತನಗೆ ಬಟ್ಟೆ ಕೊಡುತ್ತಿದ್ದ ಸಗಟು ವ್ಯಾಪಾರಿಗೇ 1872ರಲ್ಲಿ ಕಾಗದ ಬರೆದ, ಪಾಲು ಮಾಡ್ಕೊಳ್ಳೋಣ ಅಂತ. ಆ ವ್ಯಾಪಾರಿಯೇ ಲೀವೈ ಸ್ಟ್ರಾಸ್. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು, ನಂಬರ್ 139121. ಹೆಸರು ಮಾತ್ರ ಬಟ್ಟೆ ಮಾರಿದವನದೇ ಉಳಿಯಿತು. ನನ್ನ ಅಪ್ಪ ದರ್ಜಿ, ಆದ್ದರಿಂದ ಈ ವಿಷಯಕ್ಕೆ ನನಗೆ ಸ್ವಲ್ಪ ಕೋಪ ಜಾಸ್ತಿ.

ಹೋಗೋ ಮುಂಚೆ ನಿಮ್ಮ ಪ್ಯಾಂಟನ್ನೇ ಒಮ್ಮೆ ನೋಡಿ. ಕಾಲಿನ ತುದಿ ಮಡಚಿ. ಹೊರಗೆ ನೀಲಿ, ಒಳಗೆ ಬೆಳ್ಳಗೆ, ಕಾಣಿಸ್ತಾ? ಹಾಸಿನ ಎಳೆಗೆ, ಅಂದರೆ ಉದ್ದಕ್ಕೆ ಓಡೋ ನೂಲಿಗೆ, ಮಾತ್ರ ನೀಲಿ ಬಣ್ಣ, ಅಡ್ಡಕ್ಕೆ ಓಡೋ ಹೊಕ್ಕಿನ ಎಳೆ ಬಿಳಿ. ಹಾಸು ಮೂರು ಹೊಕ್ಕಿನ ಮೇಲೆ ದಾಟಿ ಒಂದರ ಕೆಳಗೆ ಹೋಗೋದರಿಂದ ಮೇಲೆ ನೀಲಿಯೇ ಎದ್ದು ಕಾಣುತ್ತದೆ. ಆ ಬಣ್ಣವೂ ಎಳೆಯ ಒಳಗಿನ ತನಕ ಇಳಿಯಲ್ಲ, ಮೇಲಿನ ಸಿಪ್ಪೆಗೆ ಅಂಟಿರುತ್ತದೆ ಅಷ್ಟೇ. ಮೊಣಕಾಲು, ತೊಡೆ ಬೆಳ್ಳಗಾಗೋದು ಅದಕ್ಕೇ. ಇಷ್ಟು ಗೊತ್ತಿದ್ದರೆ ಗಾಜಿನ ಹಿಂದಿನ ಹಳೇ ಪ್ಯಾಂಟ್ ನೋಡಿ ಅದನ್ನು ಹಾಕಿದವನು ಏನು ಕೆಲಸ ಮಾಡ್ತಿದ್ದ ಅಂತ ಊಹಿಸಬಹುದು.

ಅಂದ ಹಾಗೆ ಒರಟು ಹತ್ತಿ ಬಟ್ಟೆಗೆ ಹೇಳೋ ‘ಡಂಗ್ರೀ’ ಅನ್ನೋ ಪದ ಮುಂಬೈನ ಡೋಂಗ್ರಿಯಿಂದ ಬಂದಿದ್ದು. ಮ್ಯೂಸಿಯಂನಲ್ಲಿ ಜೊತೆಯವರ ಮುಂದೆ ಬಿಡೋಕೆ ಚೆನ್ನಾಗಿರುತ್ತೆ.

ಅರ್ಧಟಿಕೆಟ್:
ಮಡಚಿ ನೋಡಿದೆ, ಬೆಳ್ಳಗಿದೆ! ಹತ್ತು ವರ್ಷದಿಂದ ಹಾಕ್ತಿದೀನಿ, ಒಂದು ದಿನವೂ ಗಮನಿಸಿರಲಿಲ್ಲ. ಮುಂದಿನ ಜೇಬಿನೊಳಗೆ ಇನ್ನೊಂದು ಪುಟ್ಟ ಜೇಬು ಇದೆಯಲ್ಲ, ಅದು ಯಾಕೆ? ನಾನು ಚಿಲ್ಲರೆಗೆ ಅಂದುಕೊಂಡಿದ್ದೆ. ಹಿಂದಿನ ಜೇಬಿಗೆ ರಿವೆಟ್ಟೇ ಇಲ್ಲವಲ್ಲ, ಮೋಸ ಹೋದೆನಾ?

ಕಾಜಾಗುಂಡಿ:
ಮೋಸ ಅಲ್ಲ. ಪುಟ್ಟದು ಸರಪಳಿ ಗಡಿಯಾರ ಇಡೋ ಜೇಬು. ಹಿಂದಿನ ರಿವೆಟ್ ಮೊದಲು ಇದ್ದವು, ಕುದುರೆ ಜೀನು, ಕುರ್ಚಿ ಎಲ್ಲ ಗೀರುತ್ತಿವೆ ಅಂತ ಜನ ಗೋಳಾಡಿದ್ದಕ್ಕೆ 1937ರಲ್ಲಿ ಬಟ್ಟೆಯೊಳಗೆ ಮುಚ್ಚಿದರು, ಆಮೇಲೆ ತೆಗೆದೇಬಿಟ್ಟರು.

ನೂಲುಹುಳ:
ಶನಿವಾರ ಆದರೆ ಇಲ್ಲಿನ ರೈಲು-ಬಸ್ ಸಾರಿಗೆ ಜಾಲವಾದ ವಿಜಿಎನ್‌ನ ಟಾಗೆಸ್‌ಟಿಕೆಟ್ ಪ್ಲಸ್ ಅನ್ನೋ ದಿನದ ಟಿಕೆಟ್ ತಗೊಳ್ಳಿ, ಶನಿವಾರ ಕೊಂಡರೆ ಭಾನುವಾರವೂ ನಡೆಯುತ್ತದೆ, ಇಬ್ಬರು ದೊಡ್ಡವರಿಗೆ ಒಂದೇ ಸಾಕು. ಬೆಳಿಗ್ಗೆ ಬಾಂಬರ್ಗ್ ಮುಗಿಸಿ ವಾಪಸ್ ಬರುವಾಗ ಬುಟ್ಟನ್‌ಹೈಮ್‌ನಲ್ಲಿ ಇಳಿಯಿರಿ. ಸಂಜೆ ಬೇಗ ಮುಚ್ಚುತ್ತಾರೆ, ಸಮಯ ನೋಡಿಕೊಳ್ಳಿ.

ಅರ್ಧಟಿಕೆಟ್:
ಸರಿ, ಹಾಗೇ ಮಾಡ್ತೀನಿ. ಈಗ ಇರೋ ಒಂದೇ ಸಮಸ್ಯೆ, ನನ್ನ ಹತ್ತಿರ ಇರೋದು ಇನ್ನೊಂದು ಕಂಪನಿಯ ಜೀನ್ಸ್. ಅದನ್ನು ಹಾಕ್ಕೊಂಡು ಹೋದರೆ ಒಳಗೆ ಬಿಡ್ತಾರೆ ತಾನೇ?

ಚಕ್ರಪಾದ:
ಬಿಡ್ತಾರೆ ಮಾರಾಯ್ರೆ. ಸೋಮವಾರ ಮಾತ್ರ ಹೋಗಬೇಡಿ.