ತುರ್ತು: ‘ಸಿಂಕ್’ ಎಂಬುದಕ್ಕೆ ಯಾವ ಪದ?

ಬಲ್ಲವರಿಗೆ ನಮಸ್ಕಾರ. ಗ್ರಂಥಾಲಯವೊಂದರ ಸಿಬ್ಬಂದಿಗಾಗಿ, ಅಂತರ್ಜಾಲದ ಸಂಗ್ರಹಕ್ಕೂ ಕಂಪ್ಯೂಟರಿಗೂ ನಡುವೆ ಫೈಲುಗಳನ್ನು ಸಾಗಿಸುವ ತಂತ್ರಾಂಶವಾದ ಆರ್‌ಕ್ಲೋನ್ ಬಳಕೆಯ ಕೈಪಿಡಿ ಬರೆಯುತ್ತಿದ್ದೇನೆ. ಗೂಗಲ್ ಡ್ರೈವ್‌ನಲ್ಲಿರುವ ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳನ್ನು ಕಚೇರಿಯ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಬೇಕು. ಒತ್ತಲು ಗುಂಡಿಗಳಿಲ್ಲ, ಎಲ್ಲವನ್ನೂ ಟರ್ಮಿನಲ್‌ನಲ್ಲಿ ಟೈಪ್ ಮಾಡಿಯೇ ಹೇಳಬೇಕು. ‘ಕಾನ್ಫಿಗ್’ ಆದೇಶ ಕೊಟ್ಟು, ಡ್ರೈವ್‌ಗೆ ಹೆಸರಿಟ್ಟು, ಬ್ರೌಸರ್‌ನಲ್ಲಿ ಅನುಮತಿ ಕೊಡುವ ಭಾಗ ಸಲೀಸಾಗಿ ಮುಗಿಯಿತು. ‘ಕಾಪಿ’ಗೆ ‘ನಕಲಿಸು’ ಎಂದಿದ್ದೇನೆ. ‘ಸಿಂಕ್’ಗೆ ‘ಸಮನ್ವಯಗೊಳಿಸು’ ಎಂದು ಹಾಕಿದೆ, ಮನಸ್ಸು ಒಪ್ಪುತ್ತಿಲ್ಲ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ.
ಸು., ಧಾರವಾಡ

—

ಸಮನ್ವಯ ತಪ್ಪು. ಗ್ರೀಕಿನಲ್ಲಿ ‘ಸಿನ್’ ಎಂದರೆ ಜೊತೆ, ‘ಖ್ರೊನೊಸ್’ ಎಂದರೆ ಕಾಲ. ಆದ್ದರಿಂದ ‘ಸಮಕಾಲೀಕರಿಸು’. ಚರ್ಚೆಗೆ ಎಡೆಯಿಲ್ಲ.
ಕೆ., ಮೈಸೂರು

—

> ಚರ್ಚೆಗೆ ಎಡೆಯಿಲ್ಲ

ಇದೆ. ಈ ಆದೇಶಕ್ಕೂ ಕಾಲಕ್ಕೂ ಏನು ಸಂಬಂಧ? ಆರ್‌ಕ್ಲೋನ್‌ನ ಸಿಂಕ್ ಒಮ್ಮುಖ. ಮೊದಲು ಹೇಳಿದ ಜಾಗ ಮೂಲ, ಆಮೇಲೆ ಹೇಳಿದ್ದು ಗುರಿ. ಮೂಲದಲ್ಲಿ ಇಲ್ಲದ ಕಡತ ಗುರಿಯಲ್ಲಿದ್ದರೆ ಅದನ್ನು ಅಳಿಸಿಹಾಕುತ್ತದೆ. ‘ಕಾಪಿ’ ಹಾಗೆ ಅಳಿಸುವುದಿಲ್ಲ, ವ್ಯತ್ಯಾಸ ಇರುವುದೇ ಅಲ್ಲಿ. ನಾನೇ ಒಮ್ಮೆ ಖಾಲಿ ಫೋಲ್ಡರನ್ನು ಮೂಲವೆಂದು ಕೊಟ್ಟು ಡ್ರೈವನ್ನು ಬರಿದು ಮಾಡಿಕೊಂಡು, ಇಡೀ ರಾತ್ರಿ ಅದರ ಕಸದಬುಟ್ಟಿಯಿಂದ ಹೆಕ್ಕಿದ್ದೇನೆ. ‘ಸಮನ್ವಯ’ ಎಂದು ಓದಿದವರು ಎರಡೂ ಕಡೆಯವರು ರಾಜಿಯಾಗುತ್ತಾರೆ ಎಂದುಕೊಳ್ಳುತ್ತಾರೆ. ಇಲ್ಲಿ ರಾಜಿಯಿಲ್ಲ, ಒಬ್ಬನದೇ ದರ್ಬಾರು. ನನ್ನ ಸಲಹೆ ‘ಪಡಿಯಚ್ಚಾಗಿಸು’. ಎರಡೂ ಕಡೆಯ ಬದಲಾವಣೆಗಳನ್ನು ಹಿಂದಿನ ಸಲದ ಪಟ್ಟಿಗೆ ಹೋಲಿಸಿ ಅತ್ತಿತ್ತ ಸಾಗಿಸುವ ‘ಬೈಸಿಂಕ್’ ಬೇರೆ ಇದೆ. ‘ಹೊಂದಿಸು’ ಎಂಬುದನ್ನು ಅದಕ್ಕೆ ಮೀಸಲಿಡಿ.
ವಿ., ಶಿರಸಿ

—

ಪಡಿಯಚ್ಚು! ಅಚ್ಚಗನ್ನಡ, ಬಾಯಿ ತುಂಬುತ್ತದೆ. ಹಾಗೆಯೇ ಸು. ಅವರ ‘ನಕಲಿಸು’ ಹೋಗಲಿ, ಅದು ಅರಬ್ಬಿಯಿಂದ ಬಂದದ್ದು. ‘ಆದೇಶ’ವೂ ಹೋಗಲಿ. ವಿ. ಅವರು ‘ಕಡತ’ ಎಂದದ್ದು ಒಪ್ಪತಕ್ಕದ್ದು. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಸಿ ಬಳಪದಲ್ಲಿ ಬರೆದು ಅದನ್ನೇ ಕಡತವೆಂದ ನಾಡಿಗೆ ‘ಫೈಲ್’ ಏಕೆ?
ಗೌ., ಮಂಡ್ಯ

—

‘ಪಡಿ’ ಸಂಸ್ಕೃತದ ‘ಪ್ರತಿ’ಯ ತದ್ಭವ. ಅಚ್ಚಗನ್ನಡದ ಜಾತ್ರೆಯಲ್ಲಿ ಮೊದಲು ಸಿಕ್ಕಿಬಿದ್ದದ್ದು ನಿಮ್ಮದೇ ತೇರು.
ಕೆ.

—

ಕೆ. ಅವರು ಎಲ್ಲಿ ಕಣ್ಣಿಟ್ಟರೂ ಸಂಸ್ಕೃತವೇ ಕಾಣುತ್ತದೆ. ಪಡಿ ಎಂದರೆ ಅಳತೆ. ಪಡಿ ಅಕ್ಕಿ ಅಳೆದುಕೊಡುವುದಿಲ್ಲವೇ? ಅಳತೆಗೆ ಸರಿಯಾಗಿ ಒತ್ತಿದ ಅಚ್ಚು ಪಡಿಯಚ್ಚು.
ಗೌ.

—

ಪಡಿನೆಳಲು ಎಂದರೆ ಪ್ರತಿಬಿಂಬ. ಅದನ್ನೂ ಸೇರಿನಲ್ಲಿ ಅಳೆಯುತ್ತೀರಾ?
ಕೆ.

—

ಇಬ್ಬರೂ ದಯವಿಟ್ಟು ನಿಲ್ಲಿಸಿ. ತದ್ಭವವಾದರೆ ಆಗಲಿ, ಸಾವಿರ ವರ್ಷದಿಂದ ಮನೆಯಲ್ಲಿರುವವರ ಆಧಾರ್ ಕೇಳಬಾರದು. ‘ಕಚೇರಿ’, ‘ತಾರೀಖು’, ‘ದಾಖಲೆ’ ಎಲ್ಲವನ್ನೂ ಹೊರಗೆ ಹಾಕಿದರೆ ತಹಸೀಲ್ದಾರರ ಮುಂದೆ ನಿಂತು ಯಾವ ಭಾಷೆಯಲ್ಲಿ ಮಾತನಾಡುತ್ತೀರಿ? ಟೈಪ್ ಮಾಡಬೇಕಾದ್ದು ಹೇಗಿದ್ದರೂ ‘ಸಿಂಕ್’. ಅದನ್ನು ಹಾಗೆಯೇ ಬಿಟ್ಟು, ಅದು ಮಾಡುವುದೇನೆಂದು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಾಕು.
ವಿ.

—

ಉಪಕಾರವಾಯಿತು. ಹೀಗೆ ಹಾಕುತ್ತಿದ್ದೇನೆ: ‘ಸಿಂಕ್: ಗುರಿಯನ್ನು ಮೂಲದ ಪಡಿಯಚ್ಚಾಗಿಸುತ್ತದೆ. ಮೂಲದಲ್ಲಿ ಇಲ್ಲದ್ದು ಗುರಿಯಲ್ಲಿ ಅಳಿಸಿಹೋಗುತ್ತದೆ.’ ಎರಡನೆಯ ವಾಕ್ಯ ದಪ್ಪಕ್ಷರದಲ್ಲಿ. ಇನ್ನೊಂದೇ ಒಂದು: ಏನನ್ನೂ ಮುಟ್ಟದೆ, ಏನೇನು ಅಳಿಯಲಿದೆ ಎಂದಷ್ಟೇ ತೋರಿಸುವ ‘ಡ್ರೈ ರನ್’ಗೆ ಏನೆನ್ನಲಿ? ‘ಒಣ ಓಟ’ ಎಂದು ಯಾರೂ ಬರೆಯಬೇಡಿ.
ಸು.

—

ತಾಲೀಮು.
ವಿ.

—

ಅದೂ ಅರಬ್ಬಿ.
ಗೌ.